ತೊಗರಿ ಹೊಲಕ್ಕೆ ಎಕೆ-47 ಹೋಗಿ ಮಾಡುವುದೇನು?

ತೊಗರಿ ಎದೆಮಟ್ಟ ಬೆಳೆದು ಹೂ ಬಿಡುವ ದಿನಗಳಲ್ಲಿ ನಡುಸಾಲಿನಲ್ಲಿ ಗಾಂಜಾ ಗಿಡ ನಿಂತಿದ್ದರೆ ದಾರಿಹೋಕರಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ಪಕ್ಕದ ಹೊಲದವನಿಗೆ, ಕಳೆ ತೆಗೆಯಲು ಬಂದ ಕೂಲಿ ಹೆಂಗಸರಿಗೆ, ಇಲ್ಲವೇ ಬದುವಿನ ಜಗಳದಲ್ಲಿ ಸೋತ ದಾಯಾದಿಗೆ. ಇವರಲ್ಲಿ ಯಾರೋ ಒಬ್ಬರು ಠಾಣೆಗೆ ಫೋನ್ ಹಚ್ಚುತ್ತಾರೆ. ಪಿಎಸ್‌ಐ ಜೀಪು ಹೊರಡುತ್ತದೆ. ಜೊತೆಗೆ ಇಬ್ಬರು ಪಂಚರು, ಒಬ್ಬ ಗೆಜೆಟೆಡ್ ಅಧಿಕಾರಿ, ಎಲೆಕ್ಟ್ರಾನಿಕ್ ತಕ್ಕಡಿ ಹಿಡಿದುಕೊಂಡ ಒಬ್ಬ ಅಂಗಡಿಯವ. ಗಿಡಗಳನ್ನು ಬೇರುಸಮೇತ ಕಿತ್ತು, ಮಣ್ಣು ಝಾಡಿಸಿ, ಎಣಿಸಿ, ಸಿವುಡು ಕಟ್ಟಿ ತೂಗುತ್ತಾರೆ. ಪಂಚನಾಮೆ ಬರೆದು ಮುಗಿಯುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಹೊಲದ ಯಜಮಾನ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಬದುವಿನ ಮೇಲೆ ಕೂತಿರುತ್ತಾನೆ. ಮರುದಿನದ ಪತ್ರಿಕೆಯಲ್ಲಿ ‘ಇಷ್ಟು ಕೆ.ಜಿ. ಹಸಿ ಗಾಂಜಾ ವಶ’ ಎಂಬ ಒಂದು ಕಾಲಂ ಸುದ್ದಿ, ಗಿಡಗಳ ಹಿಂದೆ ಸಾಲಾಗಿ ನಿಂತ ಪೊಲೀಸರ ಫೋಟೊ. ಇಷ್ಟೂ ಹೊತ್ತು ಪಿಎಸ್‌ಐ ಸೊಂಟದಲ್ಲಿರುವ ಪಿಸ್ತೂಲಿಗೆ ಕೆಲಸವೇ ಇರುವುದಿಲ್ಲ.

ಆದರೂ ಕುಷ್ಟಗಿ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಾಗಲಿ, ಗಂಗಾವತಿಯ ಅಕ್ಕಿ ಮಿಲ್ಲಿನ ಕಟ್ಟೆಯ ಮೇಲಾಗಲಿ ಮಾದಕ ವಸ್ತುವಿನ ಮಾತು ಎದ್ದರೆ ಅದು ಬೇಗ ಬಂದೂಕಿನ ಕಡೆಗೇ ಹೊರಳುತ್ತದೆ. ‘ಪೊಲೀಸರ ಕೈಯಾಗ ಬರೀ ಲಾಠಿ ಕೊಟ್ರ ಏನ್ ಮಾಡ್ತಾರ್ರೀ? ಎಕೆ-47 ಕೊಡ್ರಿ, ಎಲ್ಲಾ ಬಂದ್ ಆಗತೈತಿ’ ಎನ್ನುವವರಿಗೆ ಕೊರತೆಯಿಲ್ಲ. ಕಾಲಿಗೆ ಗುಂಡೇಟು ಬಿದ್ದ ಸುದ್ದಿಯ ಕೆಳಗೆ ‘ಶಹಬ್ಬಾಸ್ ಖಾಕಿ’ ಎಂದು ಬರೆಯುವವರ ಸಾಲು ಇನ್ನೂ ಉದ್ದ. ಈ ಮಾತನ್ನು ಅಜ್ಞಾನವೆಂದು ತಳ್ಳಿಹಾಕಲು ಬರುವುದಿಲ್ಲ, ಯಾಕೆಂದರೆ ಅದರ ಬೆನ್ನಿಗೆ ನಮ್ಮ ಕಲ್ಯಾಣ ಕರ್ನಾಟಕದಲ್ಲೇ ನಡೆದ ಒಂದು ಘಟನೆಯಿದೆ.

2022ರ ಸೆಪ್ಟೆಂಬರ್. ಕಲಬುರಗಿ ಗ್ರಾಮೀಣ ವೃತ್ತದ ಇನ್‌ಸ್ಪೆಕ್ಟರ್ ಶ್ರೀಮಂತ ಇಲ್ಲಾಳ ಅವರ ತಂಡ, ಸಿಕ್ಕಿಬಿದ್ದ ಗಾಂಜಾ ಮಾರಾಟಗಾರನೊಬ್ಬ ಕೊಟ್ಟ ಸುಳಿವಿನ ಬೆನ್ನುಹತ್ತಿ ಗಡಿ ದಾಟಿ ಮಹಾರಾಷ್ಟ್ರದ ಉಮರ್ಗಾ ತಾಲ್ಲೂಕಿಗೆ ಹೋಗಿತ್ತು. ರಾತ್ರಿ ಹೊತ್ತು, ಹೊಲದ ನಡುವೆ. ಹತ್ತರಷ್ಟು ಪೊಲೀಸರ ಮೇಲೆ ನಲವತ್ತರಷ್ಟು ಜನ ಮುಗಿಬಿದ್ದರೆಂದು ಆಗ ವರದಿಯಾಗಿತ್ತು. ಸಿಬ್ಬಂದಿ ಚದುರಿದರು, ಇನ್‌ಸ್ಪೆಕ್ಟರ್ ಒಬ್ಬರೇ ಸಿಕ್ಕಿಬಿದ್ದರು. ತಲೆ, ಮುಖ, ಎದೆಗೆ ಬಿದ್ದ ಪೆಟ್ಟು ಎಷ್ಟು ಕೆಟ್ಟದಾಗಿತ್ತೆಂದರೆ ಅವರನ್ನು ಕಲಬುರಗಿಯಿಂದ ವಿಮಾನದಲ್ಲಿ ಬೆಂಗಳೂರಿಗೆ ಸಾಗಿಸಬೇಕಾಯಿತು. ಗಾಂಜಾ ದಂಧೆ ಎಂದರೆ ಪಾಪದ ರೈತ ನಾಲ್ಕು ಗಿಡ ಹಚ್ಚಿದ ಕಥೆಯಷ್ಟೇ ಎಂದು ತಿಳಿದಿದ್ದವರಿಗೆಲ್ಲ ಅಂದು ತಲೆಯ ಮೇಲೆ ನೀರು ಸುರಿದಂತಾಯಿತು.

ಪೊಲೀಸರನ್ನು ಸಶಸ್ತ್ರಗೊಳಿಸಬೇಕೆನ್ನುವವರ ವಾದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ. ಆದರೆ ಅದೇ ಘಟನೆಯನ್ನು ಇನ್ನೊಮ್ಮೆ ನೋಡಿ. ಪರರಾಜ್ಯ, ಪರಿಚಯವಿಲ್ಲದ ನೆಲ, ಕತ್ತಲೆ, ಹಿಂದೆ ಬೆಂಬಲಕ್ಕೆ ನಿಂತ ಎರಡನೇ ತಂಡವಿಲ್ಲ. ಇಲ್ಲಿ ಕೊರತೆಯಾದದ್ದು ಬಂದೂಕಿನ ಬೋರ್ ಅಲ್ಲ. ನಲವತ್ತು ಜನ ಕತ್ತಲಲ್ಲಿ ಮೈಮೇಲೆ ಬಿದ್ದಾಗ ಎಕೆ-47 ಹಿಡಿದವನೂ ಒಂದೋ ಗುಂಪಿನ ಮೇಲೆ ಗುಂಡು ಸುರಿಯಬೇಕು, ಇಲ್ಲವೇ ಆಯುಧವನ್ನು ಅವರ ಕೈಗೆ ಬಿಟ್ಟು ಓಡಬೇಕು. ಎರಡನೆಯದು ನಡೆದಿದ್ದರೆ ಗಾಂಜಾ ದಂಧೆಯವರ ಬಳಿ ಆ ರಾತ್ರಿಯಿಂದ ಒಂದು ಎಕೆ-47 ಇರುತ್ತಿತ್ತು.

ಅದರ ಹಿಂದಿನ ವರ್ಷ, 2021ರ ಅಕ್ಟೋಬರಿನಲ್ಲಿ, ತೆಲಂಗಾಣದ ನಲ್ಗೊಂಡ ಪೊಲೀಸರು ಹೀಗೇ ಆಂಧ್ರದ ಲಂಬಸಿಂಗಿ ಬಳಿಯ ಗುಡ್ಡಗಾಡಿಗೆ ಗಾಂಜಾ ಸಾಗಣೆದಾರರ ಬೆನ್ನು ಹತ್ತಿ ಹೋದರು. ಕಲ್ಲು ಬಿದ್ದವು. ಅವರ ಬಳಿ ಬಂದೂಕಿತ್ತು, ಹಾರಿಸಿದರು, ಇಬ್ಬರಿಗೆ ಗಾಯವಾಯಿತು. ತಂಡ ಪಾರಾಯಿತು, ನಿಜ. ಆದರೆ ಆ ಸೀಮೆಯಲ್ಲಿ ಗಾಂಜಾ ಬೆಳೆಗೆ ದೊಡ್ಡ ಪೆಟ್ಟು ಬಿದ್ದದ್ದು ಅದೇ ಚಳಿಗಾಲದಲ್ಲಿ ಆಂಧ್ರ ಪೊಲೀಸರು ಕೈಗೊಂಡ ‘ಆಪರೇಷನ್ ಪರಿವರ್ತನ’ದಿಂದ. ಊರಿಂದೂರಿಗೆ ಹೋಗಿ, ಬುಡಕಟ್ಟು ರೈತರ ಜೊತೆ ಮಾತಾಡಿ, ಬೇರೆ ಬೆಳೆಯ ದಾರಿ ತೋರಿಸಿ, ಸಾವಿರಾರು ಎಕರೆ ಬೆಳೆಯನ್ನು ಕಡಿಸಿದರು. 2022ರ ಫೆಬ್ರುವರಿಯಲ್ಲಿ ಒಂದೇ ಕಡೆ ಸುಮಾರು 2 ಲಕ್ಷ ಕೆ.ಜಿ. ಗಾಂಜಾ ಸುಟ್ಟರು. ಅಲ್ಲಿ ಕೆಲಸ ಮಾಡಿದ್ದು ಕುಡುಗೋಲು.

ಅಷ್ಟಕ್ಕೂ ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬಂದೂಕಿಗೆ ಬರವಿಲ್ಲ. ಠಾಣೆಗಳಲ್ಲಿ ರೈಫಲ್ಲುಗಳಿವೆ, ಅಧಿಕಾರಿಗಳಿಗೆ ಪಿಸ್ತೂಲುಗಳಿವೆ. ಜಿಲ್ಲಾ ಕೇಂದ್ರದಲ್ಲಿ ಸಶಸ್ತ್ರ ಮೀಸಲು ಪಡೆ, ಅಂದರೆ ಡಿಎಆರ್, ಇದೆ. ತುಂಗಭದ್ರಾ ಜಲಾಶಯದ ಬಗಲಿಗೆ ಮುನಿರಾಬಾದಿನಲ್ಲಿ ಇಂಡಿಯಾ ರಿಸರ್ವ್ ಪಡೆಯ (ಐಆರ್‌ಬಿ) ಒಂದು ಬೆಟಾಲಿಯನ್ನೇ ಬೀಡುಬಿಟ್ಟಿದೆ. ಚುನಾವಣೆ, ಗಣೇಶನ ಮೆರವಣಿಗೆ, ಅಂಜನಾದ್ರಿಯ ಹನುಮಮಾಲಾ ವಿಸರ್ಜನೆಯಂಥ ದಿನಗಳಲ್ಲಿ ಇಂಥ ಸಶಸ್ತ್ರ ತುಕಡಿಗಳು ಊರೂರಲ್ಲಿ ನಿಲ್ಲುವುದನ್ನು ಎಲ್ಲರೂ ನೋಡಿದ್ದಾರೆ. ಬೇಕೆನಿಸಿದಾಗ ದೊಡ್ಡ ಆಯುಧ ಒಂದೆರಡು ತಾಸಿನಲ್ಲಿ ಯಾವ ತಾಲ್ಲೂಕಿಗಾದರೂ ಮುಟ್ಟುತ್ತದೆ. ಬೀಟ್ ಪೊಲೀಸನ ಹೆಗಲಿಗೆ ಅದನ್ನು ದಿನವೂ ತೂಗುಹಾಕಬೇಕೇ ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

ತೂಗುಹಾಕಿದರೂ ಅದನ್ನು ಬಳಸಲು ಕಾನೂನು ಎಷ್ಟು ಬಿಡುತ್ತದೆ? ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 43ನೇ ಕಲಂ ಬಂಧನದ ವಿಧಾನವನ್ನು ಹೇಳುತ್ತದೆ. ಮಾದಕ ವಸ್ತು ಪ್ರಕರಣದ ಆರೋಪಿಗೆ ಕೈಕೋಳ ಹಾಕಲು ಈಗ ಅದರಲ್ಲಿ ಅವಕಾಶವಿದೆ. ಆದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಒಳಗಾಗುವ ಅಪರಾಧದ ಆರೋಪ ಇಲ್ಲದವನನ್ನು ಬಂಧಿಸುವ ನೆಪದಲ್ಲಿ ಸಾಯಿಸುವ ಹಕ್ಕು ಪೊಲೀಸರಿಗಿಲ್ಲ ಎಂಬ ಹಳೆಯ ನಿಯಮವೂ ಅಲ್ಲೇ ಇದೆ. 1985ರ ಮಾದಕ ವಸ್ತು ನಿಗ್ರಹದ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾಕ್ಕೆ ಮೊದಲ ಸಲದ ಅಪರಾಧಕ್ಕೆ ಗರಿಷ್ಠ ಶಿಕ್ಷೆ 20 ವರ್ಷ, ಜೀವಾವಧಿಯಲ್ಲ. ಅಂದಮೇಲೆ ಗಾಂಜಾ ಮೂಟೆ ಬಿಸಾಡಿ ಓಡುತ್ತಿರುವವನ ಬೆನ್ನಿಗೆ ಗುಂಡಿಟ್ಟರೆ ಕಟಕಟೆಯಲ್ಲಿ ನಿಲ್ಲಬೇಕಾದವರು ಪೊಲೀಸರು. ಉಳಿಯುವುದು ಆತ್ಮರಕ್ಷಣೆ ಮಾತ್ರ. ಅದಕ್ಕೆ ಪಿಸ್ತೂಲು, ಹೆಲ್ಮೆಟ್ಟು, ಎದೆಗವಚ, ಜೊತೆಗೆ ಸಾಕಷ್ಟು ಜನ ಬೇಕು. ಸಿಡಿದರೆ ಅರ್ಧ ಫರ್ಲಾಂಗು ದಾಟಿ ಇನ್ನೊಬ್ಬರ ಮನೆಗೋಡೆಗೆ ಬಡಿಯುವ ರೈಫಲ್ಲು ಹಳ್ಳಿಯ ಓಣಿಗೆ ತಕ್ಕದ್ದಲ್ಲ.

ಪೊಲೀಸರು ಗಾಂಜಾ ಕೇಸಿನಲ್ಲಿ ಸೋಲುವುದು ಹೊಲದಲ್ಲಿ ಅಲ್ಲ, ಕೋರ್ಟಿನಲ್ಲಿ. ಈ ವಿಷಯ ಬಂದೂಕಿನಷ್ಟು ರೋಚಕವಲ್ಲ, ಆದರೆ ಇಡೀ ಚರ್ಚೆಯ ಹೂರಣ ಇಲ್ಲೇ ಇದೆ.

ಕಾಯ್ದೆ ‘ಗಾಂಜಾ’ ಎಂದು ಕರೆಯುವುದು ಗಿಡದ ಹೂವಿನ ಅಥವಾ ಕಾಯಿಯ ತುದಿಯನ್ನು. ಆ ತುದಿಯ ಜೊತೆ ಇಲ್ಲದ ಬರೀ ಎಲೆ, ಬರೀ ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. 1 ಕೆ.ಜಿ.ವರೆಗೆ ಸಣ್ಣ ಪ್ರಮಾಣ, 20 ಕೆ.ಜಿ. ಮೀರಿದರೆ ವಾಣಿಜ್ಯ ಪ್ರಮಾಣ. ವಾಣಿಜ್ಯ ಪ್ರಮಾಣ ಮುಟ್ಟಿದರೆ ಕನಿಷ್ಠ 10 ವರ್ಷ ಶಿಕ್ಷೆ, 37ನೇ ಕಲಮಿನಡಿ ಜಾಮೀನು ಸಿಗುವುದು ಬಲು ಕಷ್ಟ. ಈಗ ಮೊದಲು ಹೇಳಿದ ಹೊಲಕ್ಕೆ ಬನ್ನಿ. ಬೇರು, ಕಾಂಡ, ಎಲೆ, ಅಂಟಿದ ಮಣ್ಣು, ಬೆಳಗಿನ ಇಬ್ಬನಿ ಎಲ್ಲ ಸೇರಿಸಿ ತೂಗಿದ ‘ಹಸಿ ಗಾಂಜಾ’ 25 ಕೆ.ಜಿ. ಆಯಿತೆನ್ನಿ. ಅದರಲ್ಲಿ ಕಾನೂನು ಹೇಳುವ ಗಾಂಜಾ ಎಷ್ಟು? ಆರೋಪಿಯ ಪರ ವಕೀಲರು ಕೇಳುವ ಮೊದಲ ಪ್ರಶ್ನೆಯೇ ಇದು. ಹೂತುದಿಯನ್ನು ಬೇರ್ಪಡಿಸಿ ತೂಗಿಲ್ಲ ಎಂಬ ಒಂದೇ ಕಾರಣಕ್ಕೆ ಹೈಕೋರ್ಟುಗಳಲ್ಲಿ ಜಾಮೀನು ಸಿಕ್ಕ ಉದಾಹರಣೆ ಒಂದೆರಡಲ್ಲ.

ಮಾದರಿ ತೆಗೆಯುವುದು ಇನ್ನೊಂದು ತೊಡಕು. 52ಎ ಕಲಮಿನ ಪ್ರಕಾರ ಮಾದರಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ತೆಗೆಯಬೇಕು. ಹೊಲದಲ್ಲೇ ತೆಗೆದು ಲಕೋಟೆಗೆ ಹಾಕಿದ್ದು ನಿಲ್ಲುವುದು ಕಷ್ಟ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ ಹೊಸ ನಿಯಮಾವಳಿ ಹೊರಡಿಸಿದೆ. ಕಟ್ಟಡ, ಗುಡಿಸಲು, ವಾಹನ ಶೋಧಿಸುವ ಮೊದಲು ಬಂದ ಸುಳಿವನ್ನು ಬರವಣಿಗೆಯಲ್ಲಿ ದಾಖಲಿಸಿ ಮೇಲಧಿಕಾರಿಗೆ 72 ತಾಸಿನೊಳಗೆ ಕಳಿಸಬೇಕು. ಮೈ ಶೋಧಿಸುವಾಗ ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಎದುರು ಶೋಧಿಸಿಕೊಳ್ಳುವ ಹಕ್ಕು ನಿನಗಿದೆ ಎಂದು ಆರೋಪಿಗೆ ಹೇಳಲೇಬೇಕು. ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷಿಯಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೋಫಾನ್ ಸಿಂಗ್ ಪ್ರಕರಣದಲ್ಲಿ ಹೇಳಿಯಾಗಿದೆ. 2024ರ ಜುಲೈ 1ರಿಂದ ಶೋಧ ಮತ್ತು ಜಪ್ತಿಯ ವಿಡಿಯೊ ಕಡ್ಡಾಯ. ಇಷ್ಟನ್ನೂ ಮಾಡಬೇಕಾದವರು ಬೆಳಿಗ್ಗೆ ಸಂತೆಯ ಬಂದೋಬಸ್ತು ಮುಗಿಸಿ, ಮಧ್ಯಾಹ್ನ ಅಪಘಾತದ ಪಂಚನಾಮೆ ಬರೆದು, ಸಂಜೆ ಸಮನ್ಸ್ ಜಾರಿ ಮಾಡಿ ಬಂದ ಪೊಲೀಸರು. ಅವರ ಕೈಗೆ ಬಂದೂಕು ಕೊಟ್ಟರೆ ಇದರಲ್ಲಿ ಯಾವ ಕೆಲಸ ಹಗುರವಾಗುತ್ತದೆ?

ಕಾಯ್ದೆಯಲ್ಲಿ ಯಾರೂ ಓದದ ಎರಡು ಕಲಂಗಳಿವೆ. 46ನೆಯದರ ಪ್ರಕಾರ ತನ್ನ ಜಮೀನಿನಲ್ಲಿ ಗಾಂಜಾ ಬೆಳೆದದ್ದು ಗೊತ್ತಿದ್ದರೆ ಅದನ್ನು ತಿಳಿಸುವುದು ಹೊಲದೊಡೆಯನ ಕರ್ತವ್ಯ. ಹೊಲವನ್ನು ಲಾವಣಿಗೆ ಕೊಟ್ಟು ಊರು ಬಿಟ್ಟವರಿಗೂ ಇದು ತಾಗುತ್ತದೆ. 47ನೆಯದರ ಪ್ರಕಾರ ಸರ್ಕಾರಿ ನೌಕರರು, ಪಂಚರು, ಸರಪಂಚರು, ಗ್ರಾಮದ ಅಧಿಕಾರಿಗಳೆಲ್ಲ ತಕ್ಷಣ ವರದಿ ಮಾಡಲೇಬೇಕು. ಅಂದರೆ ಬೆಳೆ ಸಮೀಕ್ಷೆಗೆ ಮೊಬೈಲ್ ಹಿಡಿದು ಹೊಲಹೊಲ ತಿರುಗುವವರು, ಗ್ರಾಮ ಆಡಳಿತಾಧಿಕಾರಿ, ಪಂಚಾಯ್ತಿ ಸದಸ್ಯ ಇವರೇ ಕಾಯ್ದೆ ನಿಲ್ಲಿಸಿದ ಮೊದಲ ಕಾವಲುಗಾರರು. ಈ ಕಾವಲು ಎಷ್ಟು ಕಣ್ಣುಬಿಟ್ಟಿದೆ ಎಂಬುದು ಪ್ರತಿ ವರ್ಷ ದಾಯಾದಿಯ ಫೋನಿಗೇ ಪೊಲೀಸರು ಕಾಯಬೇಕಾಗಿರುವುದರಿಂದ ಗೊತ್ತಾಗುತ್ತದೆ.

ಇನ್ನು ದಂಧೆಯ ಸ್ವರೂಪ. ಜಿಲ್ಲೆಯ ಎಲ್ಲ ತಾಲ್ಲೂಕುಗಳಿಗೆ ಒಂದೇ ಮದ್ದು ಎನ್ನುವ ಹಾಗಿಲ್ಲ. ಯಲಬುರ್ಗಾ, ಕುಷ್ಟಗಿ ಮಳೆಯಾಶ್ರಿತ ಸೀಮೆ. ಮಳೆ ಕೈಕೊಟ್ಟ ವರ್ಷ ಕೈಗಡ ತೀರಿಸಲು ನಾಲ್ಕು ಗಿಡ ಹಚ್ಚುವ ಆಸೆ ಹುಟ್ಟುವುದು ಇಂಥಲ್ಲೇ. ಕುಷ್ಟಗಿಯನ್ನು ಹಾದು ಹೊಸಪೇಟೆ–ವಿಜಯಪುರದ ಹೆದ್ದಾರಿ 50 ಹೋಗುತ್ತದೆ. ಕೊಪ್ಪಳಕ್ಕೆ ಗುಂತಕಲ್ಲು–ಹುಬ್ಬಳ್ಳಿ ರೈಲು ಮಾರ್ಗ, ಗಿಣಿಗೇರಿ ಸುತ್ತಿನ ಕಾರ್ಖಾನೆಗಳು, ಹೊರರಾಜ್ಯದ ಕಾರ್ಮಿಕರು. ಗಂಗಾವತಿ ಎಡದಂಡೆ ಕಾಲುವೆಯ ಭತ್ತದ ನಾಡು, ಜೊತೆಗೆ ಆನೆಗೊಂದಿ, ಸಾಣಾಪುರದ ಪ್ರವಾಸಿಗರು. ವಿರೂಪಾಪುರ ಗಡ್ಡೆಯನ್ನೇ ನೋಡಿ. ಹಂಪಿಯಿಂದ ಹೊಳೆ ದಾಟಿದರೆ ಸಿಗುವ ಆ ನಡುಗಡ್ಡೆಗೆ ‘ಹಿಪ್ಪಿ ಐಲ್ಯಾಂಡ್’ ಎಂಬ ಹೆಸರು ಅಂಟಿ ದಶಕಗಳಾಗಿದ್ದವು. ಗಾಂಜಾ ಹೊಗೆಯ ಆರೋಪವೂ ಅಷ್ಟೇ ಹಳೆಯದು. ಎಷ್ಟು ದಾಳಿ ನಡೆದರೂ ಆಗದ್ದು 2020ರಲ್ಲಿ ಆಯಿತು. ಅಲ್ಲಿನ ರೆಸಾರ್ಟುಗಳು ಅನಧಿಕೃತ ಎಂದು ಸುಪ್ರೀಂ ಕೋರ್ಟ್ ಆ ಫೆಬ್ರುವರಿಯಲ್ಲಿ ಎತ್ತಿಹಿಡಿದ ಮೇಲೆ ಮಾರ್ಚಿನಲ್ಲಿ ಜೆಸಿಬಿ ನುಗ್ಗಿತು. ಕೇಸು ಮಾದಕ ವಸ್ತುವಿನದೇ ಅಲ್ಲ, ಹಂಪಿ ವಿಶ್ವ ಪರಂಪರೆ ಪ್ರದೇಶದ ಕಟ್ಟಡ ಪರವಾನಗಿಯದು! (ಜೀವನೋಪಾಯ ಕಳೆದುಕೊಂಡ ಸ್ಥಳೀಯರ ಗೋಳು ಬೇರೆ ಕಥೆ. ವ್ಯಾಪಾರವೂ ಪೂರ್ತಿ ಸಾಯದೆ ಸಾಣಾಪುರದ ಹೋಂಸ್ಟೇಗಳತ್ತ ಸರಿಯಿತು.)

ಗಾಂಜಾ ಒಂದೇ ಆಗಿದ್ದರೆ ಇಷ್ಟು ತಲೆನೋವಿರಲಿಲ್ಲ. 1997ರವರೆಗೆ ನಮ್ಮ ಮಾತೃಜಿಲ್ಲೆಯಾಗಿದ್ದ ರಾಯಚೂರಿನಲ್ಲಿ ಸೇಂದಿಗೆ ಸಿ.ಎಚ್. ಪೌಡರ್ ಬೆರೆಸಿ ಕುಡಿಸಿದ್ದರ ಪರಿಣಾಮ ಕಂಡವರಿಗೆ ಇದು ಗೊತ್ತು. ಸಿ.ಎಚ್. ಎಂದರೆ ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸುವ ಹಳೆಯ ಔಷಧ. ಚಟ ಹತ್ತಿದವರಿಗೆ ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಗಿ, ಫಿಟ್ಸ್ ಬಂದು, ಬಡಬಡಿಸತೊಡಗುತ್ತಾರೆ. ಪೂರೈಕೆಯನ್ನು ಬಲವಾಗಿ ಬಂದ್ ಮಾಡಿದ ದಿನವೇ ಆಸ್ಪತ್ರೆ ಸಜ್ಜಾಗಿರದಿದ್ದರೆ ಜನ ಸಾಯುತ್ತಾರೆ. ಈಗಿನ ಹುಡುಗರ ಕೈಗೆ ಬಂದಿರುವುದು ಟ್ಯಾಪೆಂಟಡಾಲ್ ಎಂಬ ನೋವಿನ ಗುಳಿಗೆ. ಅದರ ಅಣ್ಣನಂಥ ಟ್ರಾಮಡಾಲ್ ಅನ್ನು 2018ರಲ್ಲಿ ಎನ್‌ಡಿಪಿಎಸ್ ವ್ಯಾಪ್ತಿಗೆ ತಂದ ಮೇಲೆ ದಂಧೆ ಇದರತ್ತ ಹೊರಳಿತು. ಇದು ಬರುವುದು ಔಷಧ ಅಂಗಡಿಯ ಹಿಂಬಾಗಿಲಿನಿಂದ, ಕೊರಿಯರ್ ಡಬ್ಬಿಯಲ್ಲಿ. ಅಲ್ಲಿ ಬೇಕಾದವರು ಸ್ಟಾಕ್ ರಿಜಿಸ್ಟರನ್ನೂ ಬಿಲ್ಲನ್ನೂ ತಾಳೆ ಹಾಕಬಲ್ಲ ಔಷಧ ನಿಯಂತ್ರಣ ಅಧಿಕಾರಿ.

ಕರ್ನಾಟಕದ ದೊಡ್ಡ ಬೇಟೆಗಳು ಹೇಗೆ ನಡೆದವು ಎಂಬುದನ್ನೂ ನೋಡಬಹುದು. 2025ರ ಮಾರ್ಚಿನಲ್ಲಿ ಮಂಗಳೂರು ಸಿಸಿಬಿ ಪೊಲೀಸರು ಸುಮಾರು 75 ಕೋಟಿ ರೂಪಾಯಿಯ 37 ಕೆ.ಜಿ.ಗೂ ಹೆಚ್ಚು ಎಂಡಿಎಂಎ ಹಿಡಿದರು. ದೆಹಲಿಯಿಂದ ವಿಮಾನದಲ್ಲಿ ಟ್ರಾಲಿ ಬ್ಯಾಗಿನಲ್ಲಿ ತಂದಿದ್ದ ದಕ್ಷಿಣ ಆಫ್ರಿಕಾದ ಇಬ್ಬರು ಮಹಿಳೆಯರು ಬೆಂಗಳೂರಿನಲ್ಲಿ ಸಿಕ್ಕಿಬಿದ್ದರು. ಎಳೆ ಶುರುವಾದದ್ದು ಆರು ತಿಂಗಳ ಹಿಂದೆ, ಮಂಗಳೂರಿನಲ್ಲಿ ಒಬ್ಬನ ಬಳಿ ಸಿಕ್ಕ 15 ಗ್ರಾಂನಿಂದ. ಆತನಿಂದ ಬೆಂಗಳೂರಿನ ಪೂರೈಕೆದಾರನಿಗೆ, ಅವನಿಂದ ವಿಮಾನ ಪ್ರಯಾಣದ ದಾಖಲೆಗಳಿಗೆ. ಒಂದೂ ಗುಂಡು ಹಾರಲಿಲ್ಲ. ಮೊದಲ ದಿನವೇ ಆ 15 ಗ್ರಾಂನವನ ಕಾಲಿಗೆ ಗುಂಡು ಹೊಡೆದು ಶಿಳ್ಳೆ ಗಿಟ್ಟಿಸಿದ್ದರೆ ಎಳೆ ಅಲ್ಲೇ ತುಂಡಾಗುತ್ತಿತ್ತು. ಅದೇ ವರ್ಷ ಜುಲೈನಲ್ಲಿ ಮೈಸೂರಿನಲ್ಲಿ ಮಾದಕ ವಸ್ತು ತಯಾರಿಕಾ ಘಟಕ ಬಯಲಾದಾಗ ಅದನ್ನು ಪತ್ತೆಮಾಡಿದ್ದು ಮುಂಬೈ ಪೊಲೀಸರು. ನಮ್ಮವರ ಬಳಿ ಆಯುಧ ಇರಲಿಲ್ಲವೆಂದಲ್ಲ, ಸುದ್ದಿ ಇರಲಿಲ್ಲ.

ಕಳ್ಳಸಾಗಣೆಯ ವಿರುದ್ಧ ಭಾರೀ ಆಯುಧ ಹಿಡಿದ ಪಡೆ ಕಟ್ಟಿದ ಅನುಭವ ಕರ್ನಾಟಕಕ್ಕೆ ಹೊಸದೇನಲ್ಲ. ವೀರಪ್ಪನ್ ಬೇಟೆಗೆ ವಿಶೇಷ ಕಾರ್ಯಪಡೆ ಹುಟ್ಟಿದ್ದು 1990ರ ಹೊತ್ತಿಗೆ. ಅವನ ಕ್ರೌರ್ಯದ ಬಗ್ಗೆ ಅನುಮಾನವಿಲ್ಲ. 1993ರ ಏಪ್ರಿಲ್ 9ರ ಪಾಲಾರ್ ಸ್ಫೋಟದಲ್ಲಿ 22 ಜನ ಸತ್ತರು. ಆದರೆ ಕಾರ್ಯಪಡೆಗಳ ಬಲೆಗೆ ಬಿದ್ದವರಲ್ಲಿ ಹೆಚ್ಚಿನವರು ಮಲೆಮಹದೇಶ್ವರ ಬೆಟ್ಟದ ಸುತ್ತಲಿನ ಬಡವರು, ಸೋಲಿಗರು. ‘ವರ್ಕ್‌ಶಾಪ್’ ಎಂದು ಕರೆಯಲಾಗುತ್ತಿದ್ದ ಚಿತ್ರಹಿಂಸೆಯ ಕೋಣೆಯ ಕಥೆಗಳು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯ ಮುಂದೆ ಬಂದವು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಜನರಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು. ಕೊನೆಗೆ 2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತದ್ದು ಕಾಡಿನ ಕಾಳಗದಲ್ಲಲ್ಲ. ಅವನ ಬಳಗದೊಳಗೆ ನಂಬಿಕೆ ಗಳಿಸಿದವರು ಹೂಡಿದ ಉಪಾಯಕ್ಕೆ ಸಿಕ್ಕಿ, ಆಂಬುಲೆನ್ಸ್ ಹತ್ತಿ ಹೊರಗೆ ಬಂದಾಗ. ಹತ್ತು ವರ್ಷಕ್ಕೂ ಮಿಕ್ಕಿ ಬಂದೂಕು ಮಾಡದ್ದನ್ನು ಮಾಹಿತಿದಾರ ಮಾಡಿದ.

ಹೊರಗಿನ ಜಗತ್ತಿನ ಲೆಕ್ಕ ಇನ್ನೂ ಘೋರ. ಮೆಕ್ಸಿಕೊದಲ್ಲಿ 2006ರ ಡಿಸೆಂಬರಿನಲ್ಲಿ ಅಧ್ಯಕ್ಷ ಫೆಲಿಪೆ ಕಾಲ್ದೆರಾನ್ ದಂಧೆಯ ಮೇಲೆ ಸೈನ್ಯ ಬಿಟ್ಟರು; ಅಲ್ಲಿಂದೀಚೆಗೆ ಸತ್ತವರು ಲಕ್ಷಗಳಲ್ಲಿದ್ದಾರೆ. ‘ಲಾಸ್ ಸೆತಾಸ್’ ಎಂಬ ಅಲ್ಲಿನ ಅತಿ ಕ್ರೂರ ಗುಂಪನ್ನು ಕಟ್ಟಿದವರು ಸೈನ್ಯದ ವಿಶೇಷ ಪಡೆಯಿಂದ ಓಡಿಹೋದ ಯೋಧರು. 2025ರ ಅಕ್ಟೋಬರ್ 28ರಂದು ರಿಯೊ ಡಿ ಜನೈರೊದಲ್ಲಿ ಒಂದೇ ದಿನದ ಕಾರ್ಯಾಚರಣೆಯಲ್ಲಿ ನಾಲ್ವರು ಪೊಲೀಸರೂ ಸೇರಿ 120ಕ್ಕೂ ಹೆಚ್ಚು ಜನ ಸತ್ತರು. ಅಮೆರಿಕದಲ್ಲಿ ಸೈನ್ಯದ ಹೆಚ್ಚುವರಿ ಸಾಮಗ್ರಿ ಪೊಲೀಸರಿಗೆ ಕೊಡುವ ‘1033’ ಯೋಜನೆ ಹುಟ್ಟಿದ್ದೇ ಮಾದಕ ವಸ್ತು ನಿಗ್ರಹದ ಹೆಸರಿನಲ್ಲಿ. ಯುದ್ಧಭೂಮಿಯ ಕವಚವಾಹನಗಳು ಸಣ್ಣ ಪಟ್ಟಣಗಳ ಠಾಣೆ ಮುಂದೆ ಬಂದು ನಿಂತವು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜೊನಾಥನ್ ಮುಮೊಲೊ 2018ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಇಂಥ ಸಶಸ್ತ್ರ ತಂಡಗಳಿಂದ ಅಪರಾಧ ತಗ್ಗಿದ್ದಾಗಲಿ ಪೊಲೀಸರ ಜೀವ ಉಳಿದದ್ದಾಗಲಿ ಕಾಣಲಿಲ್ಲ. ಪೊಲೀಸರ ಬಗ್ಗೆ ಜನರ ಅಭಿಪ್ರಾಯ ಕೆಟ್ಟದ್ದು ಮಾತ್ರ ಕಂಡಿತು. ಹಳ್ಳಿಯ ಕೂಲಿ ಹೆಂಗಸೇ ಗಾಂಜಾ ಕೇಸಿನ ಮೊದಲ ಮಾಹಿತಿದಾರಳಾಗಿರುವ ನಮ್ಮಂಥ ಕಡೆ ಜನ ಪೊಲೀಸರನ್ನು ಕಂಡು ಬಾಗಿಲು ಹಾಕಿಕೊಂಡರೆ ಆ ಫೋನೂ ಬರುವುದಿಲ್ಲ.

ಹಾಗೆಂದು ಪೊಲೀಸರು ಲಾಠಿಯಲ್ಲೇ ಇರಲಿ ಎಂದು ನಾನು ಹೇಳುವುದಿಲ್ಲ. ಗಡಿ ದಾಟಿ ಹೋಗುವ ತಂಡಕ್ಕೆ ಸರಿಯಾದ ಆಯುಧ, ಅದನ್ನು ಹಿಡಿಯಬಲ್ಲ ತರಬೇತಿ, ಆ ಕಡೆಯ ಠಾಣೆಯ ಸಿಬ್ಬಂದಿ ಜೊತೆಗಿರುವುದು, ಕರೆದಾಗ ಓಡಿಬರುವ ಡಿಎಆರ್ ವ್ಯಾನು, ಇವಿಷ್ಟೂ ಬೇಕು. ಇಲ್ಲಾಳ ಅವರಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು. ನಕ್ಸಲ್ ನಿಗ್ರಹ ಪಡೆಯ ಕೆಲಸ ಮುಗಿಯುತ್ತ ಬಂದಂತೆ ರಾಜ್ಯ ಸರ್ಕಾರ 2025ರಲ್ಲಿ ಮಾದಕ ವಸ್ತು ನಿಗ್ರಹಕ್ಕೆ ಪ್ರತ್ಯೇಕ ಕಾರ್ಯಪಡೆ ರಚಿಸಿದೆ. ಅದಕ್ಕೆ ಕೊಡಬೇಕಾದ್ದು ಕಾಡಿನ ಪಡೆಯ ರೈಫಲ್ಲೋ, ಲೆಕ್ಕಪತ್ರ ಓದಬಲ್ಲ, ಫೋನಿನ ದಾಖಲೆ ಬಿಡಿಸಬಲ್ಲ ಸಿಬ್ಬಂದಿಯೋ ಎಂಬುದು ವಿಧಾನಸಭೆಯಲ್ಲಿ ಕೇಳಬೇಕಾದ ಪ್ರಶ್ನೆ. ಜಿಲ್ಲೆಯ ಸಿಇಎನ್ ಠಾಣೆಯ ನೆತ್ತಿಯ ಮೇಲೆ ಸೈಬರ್, ಆರ್ಥಿಕ, ಮಾದಕ ಎಂಬ ಮೂರೂ ಮೂಟೆಗಳಿವೆ. ಆನ್‌ಲೈನ್ ಮೋಸದ ದೂರುಗಳೇ ಅದರ ಹೊತ್ತನ್ನೆಲ್ಲ ತಿನ್ನುವ ಕಾಲವಿದು.

ಇನ್ನೊಂದು ಸಂಗತಿ ಉಳಿಯಿತು. ಚಟಕ್ಕೆ ಬಿದ್ದ ಮಗನನ್ನು ಆಸ್ಪತ್ರೆಗೆ ಕರೆದೊಯ್ದರೆ ಅಲ್ಲಿಂದ ಸೀದಾ ಠಾಣೆಗೆ ಹೋಗಬೇಕಾದೀತೆಂಬ ಹೆದರಿಕೆ ನಮ್ಮ ಮನೆಮನೆಗಳಲ್ಲಿದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣದ ಆರೋಪಿ ತಾನಾಗಿಯೇ ಚಿಕಿತ್ಸೆಗೆ ಮುಂದಾಗಿ, ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಅದನ್ನು ಪೂರ್ತಿಗೊಳಿಸಿದರೆ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ ಎಂದು ಅದೇ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಹೇಳುತ್ತದೆ. ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಕೊಪ್ಪಳದಲ್ಲಿ ವೈದ್ಯಕೀಯ ಕಾಲೇಜು ಇದೆ. ದಂಧೆಯ ಸುಳಿವು ಕೊಡಲೂ ಚಟ ಬಿಡಿಸುವ ಸಲಹೆ ಕೇಳಲೂ 2024ರ ಜುಲೈನಿಂದ 1933 ಎಂಬ ಸಹಾಯವಾಣಿ ಇದೆ. ಕರೆ ಮಾಡಿದವರ ಹೆಸರು ಗುಟ್ಟಾಗಿರುತ್ತದೆ. ‘ಹಸಿ ಗಾಂಜಾ ವಶ’ದ ಫೋಟೊ ಹಾಕಿದ ಪುಟದಲ್ಲೇ ಈ ನಾಲ್ಕಂಕಿಯನ್ನೂ 64ಎ ಕಲಮನ್ನೂ ಅಚ್ಚು ಹಾಕಲು ಪೊಲೀಸ್ ಇಲಾಖೆಗಾಗಲಿ ನಮ್ಮ ಪತ್ರಿಕೆಗಳಿಗಾಗಲಿ ಯಾವ ಆಯುಧದ ಪರವಾನಗಿಯೂ ಬೇಕಿಲ್ಲ.